ಬಾಣಂತಿಯ ತಪಾಸಣೆ: ಮನೆಯಲ್ಲೋ, ಆಸ್ಪತ್ರೆಯಲ್ಲೋ?

ಸಹಜ ಹೆರಿಗೆಯಾದರೂ ಮೊದಲ 24 ಗಂಟೆ ಆಸ್ಪತ್ರೆಯಲ್ಲೇ ಇರಿ. ನಂತರದ ತಪಾಸಣೆಗಳು ಬರುವುದು 48ರಿಂದ 72 ಗಂಟೆಯೊಳಗೆ, 7ರಿಂದ 14ನೇ ದಿನದೊಳಗೆ ಮತ್ತು ಆರನೇ ವಾರದಲ್ಲಿ. ಆಯ್ಕೆಯ ಪ್ರಶ್ನೆ ಇರುವುದು ಇವುಗಳಲ್ಲಿ.

ಹಾಲೂಡಿಸುವುದೇ ತೊಡಕಾಗಿದ್ದರೆ ನರ್ಸ್ ಮನೆಗೆ ಬರುವುದು ಮೇಲು. ಮಗು ಬರೀ ತೊಟ್ಟನ್ನು ಚೀಪುತ್ತಿದೆಯೋ, ಸುತ್ತಲಿನ ಕಪ್ಪು ಭಾಗವನ್ನೂ ಬಾಯ್ತುಂಬ ಹಿಡಿದಿದೆಯೋ ಎಂಬುದನ್ನು ನೀವು ದಿನವೂ ಕೂರುವ ಜಾಗದಲ್ಲೇ ನೋಡಿ ತಿದ್ದುತ್ತಾರೆ. ಹೊಲಿಗೆ ನೋಯುವಾಗ ಪ್ರಯಾಣವೂ ತಪ್ಪುತ್ತದೆ.

ಕಾಮಾಲೆಯ ಅನುಮಾನವಿದ್ದರೆ, ತಾಯಿಯ ರಕ್ತದೊತ್ತಡ ಏರಿದ್ದರೆ, ಮಗು ಅವಧಿಗೆ ಮುನ್ನ ಹುಟ್ಟಿದ್ದರೆ ಆಸ್ಪತ್ರೆಯೇ ಸರಿ. ರಕ್ತಪರೀಕ್ಷೆ, ಚಿಕಿತ್ಸೆ ಎರಡೂ ಅಲ್ಲೇ ಆಗುತ್ತವೆ. ಖರ್ಚು ಲೆಕ್ಕ ಹಾಕುವಾಗ ಓಡಾಟದ್ದನ್ನೂ ಸೇರಿಸಿ.

ಮನೆ ಭೇಟಿಯನ್ನೇ ಆರಿಸಿಕೊಂಡರೂ, ವಿಪರೀತ ರಕ್ತಸ್ರಾವವಾದರೆ, ಜ್ವರ ಬಂದರೆ, ಮಗು ಹಾಲು ಕುಡಿಯುವುದನ್ನು ಬಿಟ್ಟರೆ ನರ್ಸ್‌ಗಾಗಿ ಕಾಯದೆ ತಕ್ಷಣ ಆಸ್ಪತ್ರೆಗೆ ಹೊರಡಿ.