ಮೂರು ಚಳಿಗಾಲ ಓಡಿದ ಮೇಲೆ: ಮೈಸೂರಿನ ನಮ್ಮ ಓಟದ ಕ್ಲಬ್ ಹೇಗಿದೆ?

ಮೂರು ಚಳಿಗಾಲ ಈ ಕ್ಲಬ್‌ನಲ್ಲಿ ಓಡಿದ್ದೇನೆ. ಸೇರಿದ್ದು 2023ರ ದಸರಾ ಮುಗಿದ ಮೇಲೆ. ಮೂರನೆಯ ಚಳಿಗಾಲ 2026ರ ಜನವರಿಗೆ ಮುಗಿಯಿತು. ಒಂದು ತಿಂಗಳು ಹೋಗಿ ಬಂದು ಬರೆದ ವಿಮರ್ಶೆಗಳು ಬೇಕಾದಷ್ಟು ಸಿಗುತ್ತವೆ. ಆದರೆ ಓಟದಲ್ಲಿ ಒಂದು ತಿಂಗಳಿಗೆ ಏನೂ ಗೊತ್ತಾಗುವುದಿಲ್ಲ. ಅದಕ್ಕೇ ಇಷ್ಟು ದಿನ ಕಾದೆ. ಕ್ಲಬ್‌ನ ಹೆಸರು ಹಾಕುತ್ತಿಲ್ಲ. ನನ್ನ ದೂರುಗಳನ್ನು ಅವರಿಗೇ ನೇರವಾಗಿ ಹೇಳಿದ್ದೇನೆ. ಇಲ್ಲಿ ಬರೆಯುತ್ತಿರುವುದು ದುಡ್ಡು ಕೊಟ್ಟು ಇಂಥದ್ದೊಂದು ಗುಂಪಿಗೆ ಸೇರಬೇಕಾ ಬೇಡವಾ ಎಂದು ಯೋಚಿಸುತ್ತಿರುವವರಿಗೆ. ಅದರಲ್ಲೂ ನಲವತ್ತು ದಾಟಿದ ಹೆಂಗಸರಿಗೆ.

ಸೇರಿದಾಗ ನನಗೆ 46. ದಿನವಿಡೀ ಕುಳಿತು ಲೆಕ್ಕ ಬರೆಯುವ ಕೆಲಸ. ಕುವೆಂಪುನಗರದ ಮನೆಯಿಂದ ಕುಕ್ಕರಹಳ್ಳಿ ಕೆರೆಗೆ ಬಂದು ವರ್ಷಗಟ್ಟಲೆ ವಾಕಿಂಗ್ ಮಾಡಿದ್ದೆ. ಏರಿ ಮೇಲೆ ಓಡುವವರನ್ನು ನೋಡಿದಾಗೆಲ್ಲ ನನಗೂ ಆಸೆ ಆಗುತ್ತಿತ್ತು. ಒಬ್ಬಳೇ ಓಡಲು ನೋಡಿದೆ. ಎರಡೇ ನಿಮಿಷಕ್ಕೆ ಉಸಿರು ಹತ್ತಿ ನಿಲ್ಲುತ್ತಿದ್ದೆ. ನನ್ನ ಮೈಗೆ ಓಟ ಒಗ್ಗುವುದಿಲ್ಲ ಅಂತಲೇ ತೀರ್ಮಾನ ಮಾಡಿಬಿಟ್ಟಿದ್ದೆ.

ಕ್ಲಬ್‌ನ ಮುಖ್ಯ ತರಬೇತಿ ಚಳಿಗಾಲದ್ದು. ಜಂಬೂ ಸವಾರಿ ಮುಗಿದು ಊರಿನ ರಸ್ತೆಗಳು ಖಾಲಿಯಾದ ಮೇಲಿನ ಭಾನುವಾರ ಶುರು. ಮುಂಬೈ ಮ್ಯಾರಥಾನ್ ನಡೆಯುವ ಜನವರಿಯ ಮೂರನೆಯ ಭಾನುವಾರಕ್ಕೆ ಮುಕ್ತಾಯ. ದಸರಾ ಬೇಗ ಬಂದರೆ ಹದಿನೈದು ವಾರ ಸಿಗುತ್ತದೆ. 2023ರ ಹಾಗೆ ಅಕ್ಟೋಬರ್ ಕೊನೆಗೆ ಹೋದರೆ ಹನ್ನೆರಡೇ ವಾರ. ಫೀಸು ನಾನು ಸೇರಿದಾಗ 3,000 ರೂಪಾಯಿ ಇತ್ತು, ಈಗ 4,000. ಮಂಗಳವಾರ ಓವಲ್ ಮೈದಾನದಲ್ಲಿ ವೇಗದ ಓಟ. ಗುರುವಾರ ಕುಕ್ಕರಹಳ್ಳಿಯಲ್ಲಿ ನಿಧಾನದ ಓಟ. ಶನಿವಾರ ಕಾಲು, ಸೊಂಟ ಗಟ್ಟಿ ಮಾಡುವ ವ್ಯಾಯಾಮ. ಭಾನುವಾರ ಲಾಂಗ್ ರನ್. ಸೋಮವಾರ ಓಡಲೇಬಾರದು.

ಕೋಚ್ ನಿವೃತ್ತ ಪಿ.ಟಿ. ಮೇಷ್ಟ್ರು. ಎಲ್ಲರೂ ಅವರನ್ನು ಮೇಷ್ಟ್ರೇ ಅನ್ನುತ್ತಾರೆ. ಮೊದಲ ಗುರುವಾರ ನಾನು ಬಂದ ರಭಸಕ್ಕೆ ನೂರು ಮೀಟರ್ ಓಡಿ ಏದುಸಿರು ಬಿಡುತ್ತಿದ್ದೆ. ಮೇಷ್ಟ್ರು ಪಕ್ಕಕ್ಕೆ ಬಂದು ಓಡುತ್ತಾ ಕೇಳಿದರು, "ಮನೆಯಲ್ಲಿ ಯಾರ್ಯಾರಿದ್ದಾರಮ್ಮ?" ಉತ್ತರ ಹೇಳಲು ಉಸಿರಿರಲಿಲ್ಲ. "ಹೇಳೋಕೆ ಆಗೋವಷ್ಟು ನಿಧಾನ ಮಾಡಿ. ಮಾತು ನಿಂತ್ರೆ ಸ್ಪೀಡ್ ಜಾಸ್ತಿ ಆಯ್ತು ಅಂತ ಲೆಕ್ಕ" ಅಂದರು. ಎಷ್ಟು ನಿಧಾನ ಮಾಡಬೇಕಾಯಿತು ಎಂದರೆ ವಾಕಿಂಗ್‌ನವರು ನನ್ನನ್ನು ದಾಟಿ ಹೋದರು. ನಡುನಡುವೆ ಒಂದು ನಿಮಿಷ ನಡೆಯಲೂ ಹೇಳಿದರು. ಆದರೆ ಆವತ್ತು ಇಡೀ ಕೆರೆ ಸುತ್ತಿ ಬಂದೆ. ಗೇಟಿನ ಹತ್ತಿರ ನಿಂತು ಹೆಜ್ಜಾರ್ಲೆಗಳು ನೀರಿಗೆ ಇಳಿಯುವುದನ್ನು ನೋಡುತ್ತಾ ಸುಮ್ನೆ ಅತ್ತುಬಿಟ್ಟೆ. ಇಷ್ಟು ವರ್ಷ ನನ್ನಿಂದ ಆಗುವುದಿಲ್ಲ ಅಂದುಕೊಂಡದ್ದು ಬರೀ ವೇಗದ ತಪ್ಪಾಗಿತ್ತು.

ಈ ಕ್ಲಬ್‌ನಿಂದ ನನಗೆ ಸಿಕ್ಕ ದೊಡ್ಡ ಲಾಭ ಇದೇ. ವಾರದ ಓಟದಲ್ಲಿ ಮುಕ್ಕಾಲು ಭಾಗಕ್ಕಿಂತ ಜಾಸ್ತಿ ಮಾತಾಡಿಕೊಂಡು ಓಡುವಷ್ಟು ನಿಧಾನ ಇರಬೇಕು. ಗುಂಡಿಗೆ, ಸಣ್ಣ ರಕ್ತನಾಳ, ಸ್ನಾಯು ಎಲ್ಲ ನಿಧಾನದ ಓಟದಲ್ಲೇ ಪಳಗುತ್ತವೆ. ವೇಗದ ಓಟ ಅದರ ಮೇಲೆ ಒಂದು ಚಮಚ ತುಪ್ಪದ ಹಾಗೆ. ಗೊತ್ತಿದ್ದೂ ನಾವು ಒಬ್ಬರೇ ಓಡುವಾಗ ಇದನ್ನು ಪಾಲಿಸುವುದಿಲ್ಲ. ವಾಚು ನೋಡಿ ರೇಗಿಕೊಂಡು ಓಡುತ್ತೇವೆ. ಪಕ್ಕದಲ್ಲಿ ಮಾತಾಡಲು ಒಬ್ಬರಿದ್ದರೆ ತಾನಾಗಿ ನಿಧಾನ ಆಗುತ್ತದೆ. ಗುಂಪಿನ ಉಪಯೋಗ ಅಲ್ಲಿದೆ.

ಮೊದಲ ಚಳಿಗಾಲದ ಆರನೆಯ ವಾರಕ್ಕೆ ಎಡಗಾಲಿನಲ್ಲಿ ಮೊಣಕಾಲ ಕೆಳಗೆ ಮುಂಭಾಗದ ಉದ್ದ ಮೂಳೆ ನೋಯಲು ಶುರುವಾಯಿತು. ತಪ್ಪು ನನ್ನದೇ. ಹುಮ್ಮಸ್ಸಿನಲ್ಲಿ ಸೋಮವಾರವೂ ಓಡುತ್ತಿದ್ದೆ. ಒಂದು ಕ್ಲಿನಿಕ್‌ನಲ್ಲಿ ಕಾಲು ಮುಟ್ಟಿಯೂ ನೋಡದೆ ನೋವಿನ ಮಾತ್ರೆ ಬರೆದುಕೊಟ್ಟು, ಓಡಬಹುದು ಅಂದರು. ಮೇಷ್ಟ್ರು ಮೂಳೆಯ ಉದ್ದಕ್ಕೂ ಹೆಬ್ಬೆರಳಿನಿಂದ ಒತ್ತಿ ನೋಡಿದರು. ನೋವು ಉದ್ದಕ್ಕೂ ಹರಡಿಕೊಂಡಿದ್ದರೆ ಸಾಮಾನ್ಯವಾಗಿ ಓಟ ಒಮ್ಮೆಲೇ ಜಾಸ್ತಿಯಾಗಿ ಬಂದದ್ದು. ಒಂದೇ ಜಾಗದಲ್ಲಿ ಚುಚ್ಚಿದ ಹಾಗೆ ಇದ್ದರೆ ಮೂಳೆಯಲ್ಲಿ ಸಣ್ಣ ಬಿರುಕು ಇರಬಹುದು. ನನ್ನದು ಹರಡಿಕೊಂಡ ನೋವು. ಆದರೂ ಮೂಳೆ ಡಾಕ್ಟರ ಹತ್ತಿರ ತೋರಿಸಿಕೊಂಡು ಬಂದರೇ ಮುಂದಿನ ಮಾತು ಅಂದರು. ತೋರಿಸಿದೆ, ಬಿರುಕು ಇರಲಿಲ್ಲ. ಮೂರು ವಾರ ಓಟ ಬಂದ್. ಆ ಮೂರು ವಾರವೂ ಶನಿವಾರದ ವ್ಯಾಯಾಮಕ್ಕೆ ಕರೆದರು. ಮೆಟ್ಟಿಲ ಅಂಚಿನ ಮೇಲೆ ನಿಂತು ಹಿಮ್ಮಡಿ ಎತ್ತಿ ಇಳಿಸುವುದು, ಒಂಟಿ ಕಾಲಲ್ಲಿ ನಿಲ್ಲುವುದು, ಕುರ್ಚಿಯಿಂದ ಕೈ ಊರದೆ ಏಳುವುದು. ಜಿಮ್ ಸಾಮಾನು ಒಂದೂ ಬೇಡ. ಆಮೇಲೆ ಆ ನೋವು ತಿರುಗಿ ಬಂದಿಲ್ಲ. ಶನಿವಾರಕ್ಕೆ ಅರ್ಧದಷ್ಟು ಜನ ಬರುವುದೇ ಇಲ್ಲ. ಕಾಲು ನೋವು ಅಂತ ನಡುವೆ ಬಿಟ್ಟು ಹೋಗುವವರು ಹೆಚ್ಚಾಗಿ ಅವರೇ. ದಯವಿಟ್ಟು ಶನಿವಾರ ತಪ್ಪಿಸಬೇಡಿ.

ಮೈಸೂರಿನ ಚಳಿ ಅಂಥ ದೊಡ್ಡ ಚಳಿ ಅಲ್ಲ, ನಿಜ. ಡಿಸೆಂಬರ್ ಬೆಳಗಿನ ಜಾವ ಹದಿನೈದು ಹದಿನಾರು ಡಿಗ್ರಿ ಇರುತ್ತದೆ. ಓಡುವುದಕ್ಕೆ ಇದಕ್ಕಿಂತ ಒಳ್ಳೆಯ ಹವೆ ನಮ್ಮ ಕಡೆ ಸಿಗುವುದಿಲ್ಲ. ಮೈ ಬೇಗ ಕಾಯುವುದಿಲ್ಲ, ಗುಂಡಿಗೆಗೆ ಶ್ರಮ ಕಡಿಮೆ. ಆದರೆ ಗಮನಿಸಬೇಕಾದ್ದು ಕೆಲವಿದೆ. ಮೊದಲ ಹತ್ತು ನಿಮಿಷ ಸ್ನಾಯು ಬಿಗಿದಿರುತ್ತದೆ. ನಾವು ಐದೂಕಾಲಿಗೆ ಸೇರಿ ನಡಿಗೆ, ಕಾಲು ಬೀಸುವುದು, ಮೊಣಕಾಲು ಎತ್ತುವುದು ಮುಗಿಸಿಯೇ ಓಡುತ್ತೇವೆ. ಬಾಯಾರಿಕೆ ಗೊತ್ತಾಗುವುದಿಲ್ಲ, ಬೆವರು ಮಾತ್ರ ಹೋಗುತ್ತಲೇ ಇರುತ್ತದೆ. ನೀರು ಕುಡಿಯಲು ಯಾರಾದರೂ ನೆನಪಿಸಬೇಕು. ಓಟ ಮುಗಿದ ಕೂಡಲೇ ಒದ್ದೆ ಬಟ್ಟೆಯಲ್ಲಿ ನಿಂತು ಹರಟಿದರೆ ನಡುಕ ಗ್ಯಾರಂಟಿ. ಒಂದು ಒಣ ಟೀ ಶರ್ಟ್, ಒಂದು ಟವೆಲ್ ಬ್ಯಾಗಿನಲ್ಲಿರಬೇಕು. ಎಲ್ಲಕ್ಕಿಂತ ಮುಖ್ಯ ಕತ್ತಲೆ. ಡಿಸೆಂಬರ್ ಕೊನೆಗೆ ಸೂರ್ಯ ಹುಟ್ಟುವುದು ಆರೂವರೆ ದಾಟಿದ ಮೇಲೆ. ಅಂದರೆ ಒಂದು ಗಂಟೆ ಕತ್ತಲಲ್ಲೇ ಓಟ. ಹೊಳೆಯುವ ಪಟ್ಟಿಯ ಜಾಕೆಟ್ಟು ಹಾಕದಿದ್ದರೆ ಮೇಷ್ಟ್ರು ರಸ್ತೆಗೆ ಬಿಡುವುದಿಲ್ಲ. ಈ ವಿಷಯದಲ್ಲಿ ಅವರು ಯಾರ ಮುಖವನ್ನೂ ನೋಡಿದವರಲ್ಲ.

ಭಾನುವಾರಗಳ ಬಗ್ಗೆ ಬರೆಯಲು ಕೂತರೆ ಮುಗಿಯುವುದಿಲ್ಲ. ನವೆಂಬರ್‌ನಲ್ಲಿ ಎರಡು ಸಲ ರಂಗನತಿಟ್ಟಿನ ಹತ್ತಿರ ನಾಲೆ ಏರಿಯ ಮೇಲೆ ಓಡುತ್ತೇವೆ. ಮಣ್ಣಿನ ದಾರಿ, ಮೊಣಕಾಲಿಗೆ ಹಿತ. ಒಂದು ಪಕ್ಕ ನೀರು, ಇನ್ನೊಂದು ಪಕ್ಕ ಗದ್ದೆ. ಹಿಂಗಾರು ಮಳೆ ಬಂದಿದ್ದರೆ ಜಾರುತ್ತದೆ, ಜೋಪಾನ. ಧನುರ್ಮಾಸದಲ್ಲಿ ಊರೊಳಗೆ ಓಡುವಾಗ ಒಂದೊಂದು ದೇವಸ್ಥಾನದಿಂದಲೂ ಗಂಟೆ ಕೇಳುತ್ತದೆ, ಹುಗ್ಗಿಯ ವಾಸನೆ ಬರುತ್ತದೆ. ವಾಪಸು ಬರುವಾಗ ಒಂದು ದೊನ್ನೆ ಬಿಸಿ ಹುಗ್ಗಿ ತಿಂದು ಮೆಣಸು ನಾಲಿಗೆಗೆ ತಾಗಿದರೆ, ಆ ಬೆಳಗಿನ ಮುಂದೆ ಬೇರೆ ಏನೂ ಬೇಡ ಅನ್ನಿಸುತ್ತದೆ.

ಆಮೇಲೆ ಬೆಟ್ಟ. ತಾವರೆಕಟ್ಟೆಯಿಂದ ಚಾಮುಂಡಿ ಬೆಟ್ಟದ ರಸ್ತೆ ಹತ್ತುವುದು ನಮ್ಮ ತರಬೇತಿಯ ತಿರುಳು. ಬೆಟ್ಟ ಅಂದ ಕೂಡಲೇ ಸಾವಿರ ಮೆಟ್ಟಿಲು ಓಡಿ ಹತ್ತುವುದು ಅಂತ ಹಲವರು ಅಂದುಕೊಳ್ಳುತ್ತಾರೆ. ಮೇಷ್ಟ್ರು ಹೊಸಬರನ್ನು ಮೆಟ್ಟಿಲಿಗೆ ಬಿಡುವುದಿಲ್ಲ. ಇಳಿಯುವಾಗ ಮೊಣಕಾಲಿಗೆ ಪೆಟ್ಟು. ರಸ್ತೆಯ ಏರು ಉದ್ದಕ್ಕೂ ಹರಡಿಕೊಂಡಿದೆ. ಸಣ್ಣ ಹೆಜ್ಜೆ, ಎದೆ ಎತ್ತಿ, ಕಣ್ಣು ಹತ್ತು ಮೀಟರ್ ಮುಂದೆ. ಅಷ್ಟೇ ಪಾಠ. ಮೇಲೆ ತಲುಪಿ ಮಂಜಿನ ಕೆಳಗೆ ಊರು ಕಾಣಿಸದಿರುವುದನ್ನು ನೋಡುತ್ತಾ ನಿಂತಾಗ ಕಾಲು ನೋವು ಮರೆತು ಹೋಗುತ್ತದೆ.

ನನ್ನ ದೊಡ್ಡ ದೂರು ಕೂಡ ಇದೇ ಬೆಟ್ಟದ್ದು. ಈ ಕ್ಲಬ್‌ನಲ್ಲಿ ಒಂದು ಪದ್ಧತಿ ಇದೆ. ಎಲ್ಲರಿಗಿಂತ ಹಿಂದೆ ಒಬ್ಬರು ಓಡುತ್ತಾರೆ. ಕೊನೆಯವರು ಬರುವವರೆಗೆ ಯಾರೂ ಮನೆಗೆ ಹೋಗುವ ಹಾಗಿಲ್ಲ, ಬಾಳೆಹಣ್ಣಿನ ಗೊನೆ ಖಾಲಿ ಮಾಡುವ ಹಾಗಿಲ್ಲ. ಮೊದಲ ವರ್ಷ ಆ ಕೊನೆಯವಳು ಹೆಚ್ಚು ಸಲ ನಾನೇ. ನನಗಾಗಿ ನಿಂತಿದ್ದವರಲ್ಲಿ ನನ್ನ ಮಗಳ ವಯಸ್ಸಿನವರಿದ್ದರು, ನನಗಿಂತ ಹದಿನೈದು ವರ್ಷ ದೊಡ್ಡವರಿದ್ದರು. ಎರಡನೆಯ ಚಳಿಗಾಲಕ್ಕೆ ಕ್ಲಬ್‌ಗೆ ಹೆಸರು ಬಂತು. ಇಪ್ಪತ್ತೈದು ಜನ ಇದ್ದದ್ದು ಅರವತ್ತು ದಾಟಿತು. ಮೇಷ್ಟ್ರು ಮಾತ್ರ ಒಬ್ಬರೇ. ಡಿಸೆಂಬರ್‌ನ ಒಂದು ಭಾನುವಾರ ಹಿಂದೆ ಓಡುವವರು ಯಾರು ಎಂದು ಯಾರಿಗೂ ಹೇಳಿರಲಿಲ್ಲ. ಇವರು ಅವರು ಅಂದುಕೊಂಡರು, ಅವರು ಇವರು ಅಂದುಕೊಂಡರು. ನಾನು ಶೂ ಲೇಸ್ ಕಟ್ಟಿಕೊಳ್ಳಲು ಬಗ್ಗಿ ಎದ್ದಾಗ ಮುಂದೆ ಯಾರೂ ಇರಲಿಲ್ಲ, ಹಿಂದೆಯೂ ಯಾರೂ ಇರಲಿಲ್ಲ. ಕತ್ತಲು, ಮಂಜು. ಮೂರು ನಾಯಿಗಳು ಬೊಗಳುತ್ತಾ ಬಂದವು. ಆ ಕಾಡಿನಲ್ಲಿ ಚಿರತೆಗಳಿವೆ ಎನ್ನುವುದು ಮೈಸೂರಿನ ಮಕ್ಕಳಿಗೂ ಗೊತ್ತು. ಓಡದೆ, ನಾಯಿಗಳಿಗೆ ಬೆನ್ನು ತೋರಿಸದೆ, ಟಾರ್ಚ್ ಹಿಡಿದು ಹಿಂದೆ ಹಿಂದೆ ಹೆಜ್ಜೆ ಇಟ್ಟುಕೊಂಡು ಇಳಿದೆ. ಕೆಳಗೆ ಬಂದ ಮೇಲೂ ಕೈ ನಡುಗುತ್ತಿತ್ತು. ನಾನು ಮೇಲೆ ಬಂದಿಲ್ಲ ಎಂದು ಗೊತ್ತಾಗಿ ಫೋನ್ ಬಂದಾಗ ಇಪ್ಪತ್ತು ನಿಮಿಷ ಕಳೆದಿತ್ತು.

ಆವತ್ತೇ ಬಿಟ್ಟುಬಿಡಬೇಕು ಅನ್ನಿಸಿತು. ಬದಲಿಗೆ ಎರಡು ಪುಟ ಬರೆದು ಕೊಟ್ಟೆ. ಅವರು ವಾದ ಮಾಡಲಿಲ್ಲ. ಮುಂದಿನ ಭಾನುವಾರದಿಂದಲೇ ಹಿಂದೆ ಓಡುವವರು ಇಬ್ಬರು, ಹೆಸರು ಹಿಂದಿನ ರಾತ್ರಿಯೇ ಎಲ್ಲರಿಗೂ ಗೊತ್ತು. ಹೊರಡುವಾಗ ತಲೆ ಎಣಿಕೆ, ಮೇಲೆ ತಲುಪಿದಾಗ ಮತ್ತೆ ಎಣಿಕೆ. ಬೆಟ್ಟಕ್ಕೆ ಒಂದು ಸಲಕ್ಕೆ ಮೂವತ್ತೇ ಜನ. ಮೂರನೆಯ ಚಳಿಗಾಲ ಪೂರ್ತಿ ಇದು ತಪ್ಪಿಲ್ಲ. ಅದಕ್ಕೇ ನಾನು ಇನ್ನೂ ಅಲ್ಲಿದ್ದೇನೆ. ನೀವು ಯಾವ ಊರಿನ ಯಾವ ಗುಂಪಿಗೆ ಸೇರಿದರೂ ಮೊದಲ ದಿನವೇ ಕೇಳಿ, "ಕೊನೆಯಲ್ಲಿ ಓಡುವವರ ಜೊತೆ ಯಾರಿರುತ್ತಾರೆ?" ಉತ್ತರಕ್ಕೆ ತಡವರಿಸಿದರೆ ದುಡ್ಡು ಕಟ್ಟಬೇಡಿ.

ಇನ್ನೂ ಸರಿಯಾಗದ್ದು ಹೆಂಗಸರ ಶೌಚಾಲಯದ ವಿಷಯ. ಹದಿನೆಂಟು ಕಿಲೋಮೀಟರ್ ಓಟದ ದಾರಿ ಹಾಕುವಾಗ ನೀರು ಎಲ್ಲಿ ಸಿಗುತ್ತದೆ ಎಂದು ನೋಡುತ್ತಾರೆ, ಶೌಚಾಲಯ ಎಲ್ಲಿದೆ ಎಂದು ನೋಡುವುದಿಲ್ಲ. ಬೆಳಗಿನ ಜಾವ ತೆರೆದಿರುವುದು ಪೆಟ್ರೋಲ್ ಬಂಕ್ ಮಾತ್ರ. ಎಷ್ಟೋ ಹೆಂಗಸರು ಇದೇ ಕಾರಣಕ್ಕೆ ನೀರು ಕುಡಿಯದೆ ಓಡುತ್ತಾರೆ, ತಲೆ ಸುತ್ತಿ ಕೂರುತ್ತಾರೆ. ಮೂರು ವರ್ಷದಿಂದ ಹೇಳುತ್ತಿದ್ದೇನೆ. ಇದು ಆಗುವವರೆಗೆ ಐದಕ್ಕೆ ನಾಲ್ಕೇ ಅಂಕ ಕೊಡುತ್ತೇನೆ.

ಶೂ ಬಗ್ಗೆ ಎಲ್ಲರೂ ಕೇಳುತ್ತಾರೆ. ನಾನು ಮೂರು ವರ್ಷದಲ್ಲಿ ಎರಡು ಜೊತೆ ತೆಗೆದುಕೊಂಡೆ, ಎರಡೂ ಸಾಧಾರಣ ಬೆಲೆಯವು. ಸಂಜೆ ಹೊತ್ತು, ಪಾದ ಸ್ವಲ್ಪ ಊದಿಕೊಂಡಿರುವಾಗ ಹೋಗಿ ಹಾಕಿ ನೋಡಿ. ಹೆಬ್ಬೆರಳ ಮುಂದೆ ಅರ್ಧ ಇಂಚಾದರೂ ಜಾಗ ಇರಲಿ. ದುಬಾರಿ ಶೂ ಮಾತು ಬಂದಾಗ ಮೇಷ್ಟ್ರು ಶಿವನಾಥ್ ಸಿಂಗ್ ಅವರನ್ನು ನೆನೆಯುತ್ತಾರೆ. ಇಂಥ ಶೂಗಳಿಲ್ಲದ ಕಾಲದಲ್ಲಿ, 1978ರಲ್ಲಿ, ಜಲಂಧರ್‌ನಲ್ಲಿ 2 ಗಂಟೆ 12 ನಿಮಿಷಕ್ಕೆ ಮ್ಯಾರಥಾನ್ ಮುಗಿಸಿದವರು ಅವರು. ಆ ರಾಷ್ಟ್ರೀಯ ದಾಖಲೆಯನ್ನು ನಾಲ್ಕು ದಶಕಕ್ಕೂ ಹೆಚ್ಚು ಕಾಲ ಯಾರಿಗೂ ಮುರಿಯಲಾಗಲಿಲ್ಲ.

ಮುಂಬೈಗೆ ಮೂರು ಸಲವೂ ಹೋದೆ, ಮೂರು ಸಲವೂ ಹಾಫ್, 21.1 ಕಿಲೋಮೀಟರ್. ಸಂಕ್ರಾಂತಿ ಮುಗಿದು ಕೆಲವೇ ದಿನಕ್ಕೆ ಬರುವ ಓಟ. ಎಳ್ಳು ಬೆಲ್ಲ ಬೀರಲು ಹೋದ ಮನೆಗಳಲ್ಲಿ ಒಬ್ಬಟ್ಟು ಬೇಡ ಅನ್ನುವ ಕಷ್ಟ ಗೊತ್ತಿರುವವರಿಗೇ ಗೊತ್ತು. ಕೊನೆಯ ಎರಡು ವಾರ ಓಟ ಕಡಿಮೆ ಮಾಡುತ್ತೇವೆ. ಆಗ ಕಾಲಿಗೆ ಚಡಪಡಿಕೆ, ಮನಸ್ಸಿಗೆ ಭಯ. ಈ ಸಮಯದಲ್ಲಿ ಹೊಸದೇನೂ ಮಾಡಬೇಡಿ. ಹೊಸ ಶೂ ಬೇಡ, ಹೊಸ ತಿಂಡಿ ಬೇಡ. ನಾನು ಮನೆಯಿಂದಲೇ ಅವಲಕ್ಕಿ, ಬೆಲ್ಲ ಕಟ್ಟಿಕೊಂಡು ಹೋಗುತ್ತೇನೆ. ಒಂದು ಎಚ್ಚರಿಕೆ ಹೇಳಬೇಕು. ಮೈಸೂರಿನ ತಂಪಿನಲ್ಲಿ ಪಳಗಿದ ಮೈಗೆ ಮುಂಬೈನ ಕಡಲ ಸೆಕೆ ಆಗಿಬರುವುದಿಲ್ಲ. ಅಲ್ಲಿ ಬೆವರು ಆರುವುದೇ ಇಲ್ಲ. ಮೊದಲ ವರ್ಷ ಸಮುದ್ರದ ಮೇಲಿನ ಸೇತುವೆ ಸೀ ಲಿಂಕ್‌ನಲ್ಲಿ ಗಾಳಿಗೆ ಹುರುಪು ಬಂದು ಜೋರಾಗಿ ಓಡಿದೆ. ಪೆಡರ್ ರೋಡ್ ಏರಿನಲ್ಲಿ ಕಾಲು ಸೋತು ನಡೆದೆ. 2 ಗಂಟೆ 58 ನಿಮಿಷ. ಎರಡನೆಯ ವರ್ಷ 2 ಗಂಟೆ 44. ಈ ಜನವರಿ ಮೊದಲ ಹತ್ತು ಕಿಲೋಮೀಟರ್ ಪಕ್ಕದವರ ಜೊತೆ ಮಾತಾಡಿಕೊಂಡೇ ಓಡಿದೆ. ಪೆಡರ್ ರೋಡ್ ಬಂದಾಗ ಅದು ಚಾಮುಂಡಿ ಬೆಟ್ಟದ ಒಂದು ತಿರುವಿನಷ್ಟೂ ಇಲ್ಲ ಅನ್ನಿಸಿತು. ಸಣ್ಣ ಹೆಜ್ಜೆ, ಎದೆ ಎತ್ತಿ ಹತ್ತಿದೆ, ಎಲ್ಲೂ ನಡೆಯಲಿಲ್ಲ. 2 ಗಂಟೆ 31 ನಿಮಿಷ.

ಮುಂದಿನ ದಸರಾ ಮುಗಿದ ಮೇಲೂ ಸೇರುತ್ತೇನೆ. ಹಿಂದೆ ಓಡುವವರ ಪಟ್ಟಿಗೆ ಹೆಸರು ಕೊಟ್ಟಾಗಿದೆ. ಬೆಟ್ಟದ ಭಾನುವಾರಗಳನ್ನೇ ಕೇಳಿದ್ದೇನೆ.