ಕುಳ್ಳ ಹುಡುಗರಲ್ಲಿ ಯಾರು: ಡಿಬ್ರಿಂಕ್ಯಾಟ್ ಥರದವನೋ, ಪಾಯಿಂಟ್ ಥರದವನೋ?

ಎನ್‌ಎಚ್‌ಎಲ್ ಎಂದರೆ ಉತ್ತರ ಅಮೆರಿಕದ ಐಸ್ ಹಾಕಿ ಲೀಗ್. ತಂಡಗಳು ಸರದಿಯಂತೆ ಎಳೆಯ ಆಟಗಾರರನ್ನು ಆರಿಸಿಕೊಳ್ಳುವ ಅದರ ಡ್ರಾಫ್ಟ್‌ನಲ್ಲಿ ಕುಳ್ಳ ಹುಡುಗರು ಹಿಂದೆ ಬೀಳುವುದು ಹೊಸದೇನಲ್ಲ. ಬ್ರೇಡನ್ ಪಾಯಿಂಟ್ 2014ರಲ್ಲಿ 79ನೆಯವನಾಗಿ ಟ್ಯಾಂಪಾ ಬೇ ತಂಡದ ಪಾಲಾದ. ಅಲೆಕ್ಸ್ ಡಿಬ್ರಿಂಕ್ಯಾಟ್ 2016ರಲ್ಲಿ 39ನೆಯವನಾಗಿ ಶಿಕಾಗೋಗೆ ಸಿಕ್ಕ.

ಡಿಬ್ರಿಂಕ್ಯಾಟ್ ಗೋಲುಗಾರ. ತಾರೆ ಕಾನರ್ ಮೆಕ್‌ಡೇವಿಡ್ ಪಕ್ಕದಲ್ಲಿದ್ದಾನೆ, ಅದಕ್ಕೇ ಗೋಲು ಬರುತ್ತಿದೆ ಎಂಬ ಅನುಮಾನ ಅವನ ಮೇಲಿತ್ತು. ಈರಿ ಎಂಬ ಜೂನಿಯರ್ ತಂಡದಲ್ಲಿ 2014-15ರಲ್ಲಿ 51 ಗೋಲು ಹೊಡೆದ. ಮೆಕ್‌ಡೇವಿಡ್ ಹೋದ ಮರುವರ್ಷವೂ 51. ಆಯ್ಕೆಗಾರರು ನೋಡಬೇಕಾದದ್ದು ಇದನ್ನೇ: ಜೊತೆಗಾರ ಬದಲಾದಾಗ ಹುಡುಗ ಏನಾದ?

ಪಾಯಿಂಟ್ ಮಧ್ಯದಲ್ಲಿ ಆಡುವವನು, ಅಂದರೆ ಸೆಂಟರ್. ಅವನ ಸ್ಕೇಟಿಂಗ್ ಬಗ್ಗೆ ಕೊಂಕಿತ್ತು, ಡ್ರಾಫ್ಟ್ ಆದಮೇಲೆ ಪಟ್ಟು ಹಿಡಿದು ತಿದ್ದಿಕೊಂಡ. 2020 ಮತ್ತು 2021ರ ಪ್ಲೇಆಫ್‌ಗಳಲ್ಲಿ ತಲಾ 14 ಗೋಲು, ಎರಡೂ ಸಲ ಲೀಗ್ ಗೆದ್ದವರಿಗೆ ಸಿಗುವ ಸ್ಟ್ಯಾನ್ಲಿ ಕಪ್.

ನನ್ನನ್ನು ಕೇಳಿದರೆ ಪಾಯಿಂಟ್ ಥರದವನೇ ಸರಿ. ಹೆಜ್ಜೆ ತಿದ್ದಬಹುದು, ಆಟ ಓದುವ ಕಣ್ಣು ಕಲಿಸುವುದು ಬಹಳ ಕಷ್ಟ. ಪಕ್ (ಚೆಂಡಿನ ಬದಲು ಬಳಸುವ ಚಪ್ಪಟೆ ಬಿಲ್ಲೆ) ಮೂಲೆಗೆ ಜಾರಿದಾಗ ಹುಡುಗನ ತಲೆಯನ್ನೇ ಗಮನಿಸಿ. ಮುಟ್ಟುವ ಮೊದಲೇ ಭುಜದ ಮೇಲಿಂದ ಹಿಂದಿರುಗಿ ನೋಡಿದನೇ? ನೋಡಿದವನು ಎದುರಾಳಿಯ ಡಿಕ್ಕಿ ಬರುವಷ್ಟರಲ್ಲಿ ಪಕ್ ಸಮೇತ ಹೊರಬಂದಿರುತ್ತಾನೆ. ನೋಡದವನ ಬೆನ್ನು ಗೋಡೆಗೆ ಬಡಿಯುತ್ತದೆ, ಎತ್ತರ ಆಗ ನಿಜಕ್ಕೂ ಲೆಕ್ಕಕ್ಕೆ ಬರುತ್ತದೆ.

ಪಾಸ್ ಕೊಡಬಲ್ಲ ಒಳ್ಳೆಯ ಸೆಂಟರ್ ನಿಮ್ಮಲ್ಲಿ ಈಗಾಗಲೇ ಇದ್ದರೆ ಮಾತ್ರ ನನ್ನ ಲೆಕ್ಕ ಬದಲಾಗುತ್ತದೆ. ಆಗ ಗೋಲುಗಾರನನ್ನು ಬಿಡಬೇಡಿ.