ಉಯುನಿ ಉಪ್ಪುಬಯಲಿನ ಜೀಪ್ ಟೂರ್: ಜಾಗಕ್ಕೆ ಪೂರ್ತಿ ಅಂಕ, ಏಜೆನ್ಸಿಗೆ ಅರ್ಧ

ಬೊಲಿವಿಯಾದ ಉಯುನಿ ಊರಿಂದ ಹೊರಡುವ 3 ದಿನದ ಗುಂಪು ಪ್ರವಾಸ ಇದು. ಒಂದು ಲ್ಯಾಂಡ್ ಕ್ರೂಸರ್, ಆರು ಜನ, ಒಬ್ಬ ಡ್ರೈವರ್. ಕೊನೆಯ ಸೀಟು ಸಿಕ್ಕರೆ ಮೊಣಕಾಲು ಗಲ್ಲಕ್ಕೆ ತಾಗುತ್ತದೆ. ಸೀಟು ಬದಲಾಯಿಸುವ ಮಾತನ್ನು ಮೊದಲೇ ಆಡಿಕೊಳ್ಳಿ, ಆಮೇಲೆ ಯಾರೂ ಬಿಟ್ಟುಕೊಡುವುದಿಲ್ಲ.

ಉಪ್ಪುಬಯಲು 10,000 ಚದರ ಕಿ.ಮೀ.ಗಿಂತ ದೊಡ್ಡದು. ನಾವು ಹೋಗಿದ್ದು ಒಣ ಕಾಲದಲ್ಲಿ. ನೆಲದ ತುಂಬ ಷಟ್ಕೋನದ ಗೆರೆಗಳು, ಅಂಚು ಸ್ವಲ್ಪ ಉಬ್ಬಿರುತ್ತದೆ. ಬೆರಳಲ್ಲಿ ಮುರಿದರೆ ಚಟಕ್ ಅನ್ನುತ್ತದೆ. ನಾಲಿಗೆಗೂ ಇಟ್ಟು ನೋಡಿದೆ, ಯಾರು ಬಿಡ್ತಾರೆ ಹೇಳಿ? ಬಯಲಲ್ಲಿ ನಿಂತ ಮಳೆನೀರಲ್ಲಿ ಆಕಾಶ ಕಾಣುವ ಫೋಟೋ ಬೇಕಿದ್ದರೆ ಜನವರಿಯಿಂದ ಮಾರ್ಚ್ ಒಳಗೆ ಹೋಗಬೇಕು. ಆದರೆ ಆಗ ಕಳ್ಳಿಗಿಡಗಳ ಇಂಕಾವಾಸಿ ದ್ವೀಪಕ್ಕೆ ಗಾಡಿ ಹೋಗದೇ ಇರಬಹುದು.

ಮುಂದೆ ಕೆಂಪು ನೀರಿನ ಲಗೂನಾ ಕೊಲೊರಾಡಾ ಸರೋವರ, ಅಲ್ಲಿ ಫ್ಲೆಮಿಂಗೊ ಹಿಂಡು. ಕೊನೆಯ ದಿನ ನಸುಕಿನಲ್ಲೇ ಸೋಲ್ ದೆ ಮನ್ಯಾನಾ ಅನ್ನುವ ಬಿಸಿ ಆವಿಯ ಬಯಲು. ನೆಲದಿಂದ ಗಂಧಕದ ಆವಿ ಬುಸುಗುಡುತ್ತದೆ. ಎತ್ತರ 4,800 ಮೀಟರ್‌ಗೂ ಜಾಸ್ತಿ, ತಲೆ ಸಿಡಿಯುತ್ತದೆ. ಡ್ರೈವರ್ ಕೊಟ್ಟ ಕೋಕಾ ಎಲೆಯಿಂದ ಸ್ವಲ್ಪ ಆರಾಮ ಅನ್ನಿಸಿತು. ಮನುಷ್ಯ ಬಂಗಾರ, ಗಾಡಿಯನ್ನೂ ನಿಧಾನವಾಗಿ ಓಡಿಸಿದರು.

ಏಜೆನ್ಸಿ ಮಾತ್ರ ಸುಮ್ನೆ ಬಾಯಿಮಾತು. ಸಸ್ಯಾಹಾರ ಅಂತ ಬರೆಸಿದ್ದಕ್ಕೆ ಸಿಕ್ಕಿದ್ದು ಬೇಯಿಸಿದ ಆಲೂ, ಕಿನೋವಾ. ಮಲಗುವ ಚೀಲ ಕೊಡುತ್ತೇವೆ ಅಂದವರು ಕೊಡಲೇ ಇಲ್ಲ. ರಾತ್ರಿ ಸೊನ್ನೆಗಿಂತ ಕೆಳಗಿನ ಚಳಿ, ಕೋಣೆಗೆ ಹೀಟರ್ ಇಲ್ಲ. ಲಗೂನಾ ಕೊಲೊರಾಡಾ ಇರುವ ಮೀಸಲು ಪ್ರದೇಶದ ಪ್ರವೇಶ ಶುಲ್ಕ ಪ್ಯಾಕೇಜಿನಲ್ಲಿ ಸೇರಿಲ್ಲ, ಬೊಲಿವಿಯಾನೋ ನಗದು ಇಟ್ಟುಕೊಳ್ಳಿ. ಚಟ್ನಿಪುಡಿ ಮರೆಯಬೇಡಿ.